ಗಂಟಿಲ್ಲದ ನೂಲು

ಒಂದೆಳೆ ದೊಡ್ಡಮ್ಮನ ಮುಂದೆ ಯಾರಾದರೂ ಮಿಲ್ಲಿನ ನೂಲನ್ನು ಹೊಗಳಿದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಖುಷಿಯಾಗುತ್ತಿತ್ತು. ತನ್ನ ನೂಲು ಅದಕ್ಕಿಂತ ಒಂದು ಕೈ ಮೇಲು ಎಂದು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಯಾವುದಿದೆ? ಯಾರೂ ಹೊಗಳದೆ ಹೋದರೆ ಅವಳೇ ಮಾತು ತೆಗೆದು, ಮಿಲ್ಲನ್ನು ಹೊಗಳಿಸಿ, ಆಮೇಲೆ ಅದನ್ನು ಸೋಲಿಸುತ್ತಿದ್ದಳು. ಬಿಸ್ಕತ್ತು ಕೊಳ್ಳಲು ಹೋದರೆ ಬೇಕರಿಯವನಿಗೂ ಈ ಕಾಟ ತಪ್ಪಿದ್ದಲ್ಲ.

ಆ ಹೆಸರು ಅವಳಿಗೆ ಬೀದಿಯವರು ಇಟ್ಟದ್ದು. ಅವಳು ನೂತ ಲಡಿಯನ್ನು ಬಿಚ್ಚುತ್ತ ಹೋದರೆ ಈ ತುದಿಯಿಂದ ಆ ತುದಿಯವರೆಗೆ ಎಳೆ ಒಂದೇ ಸಮ. ಎಲ್ಲೂ ದಪ್ಪಗಿಲ್ಲ, ಎಲ್ಲೂ ಸಣ್ಣಗಿಲ್ಲ, ಗಂಟಂತೂ ಹುಡುಕಿದರೂ ಇಲ್ಲ. ಗಂಟೆಂದರೆ ಕಟ್ಟಿದ ಗಂಟಲ್ಲ. ನೂಲುವವಳ ಬೆರಳು ಮೈಮರೆತಾಗ ಹತ್ತಿ ಒಂದೆಡೆ ಮುದ್ದೆಯಾಗಿ ಎಳೆಯಲ್ಲಿ ಉಬ್ಬಿಕೊಳ್ಳುತ್ತದಲ್ಲ, ಅದು. ದೊಡ್ಡಮ್ಮನ ಬೆರಳು ಮೈಮರೆತದ್ದನ್ನು ಕಂಡವರು ಯಾರೂ ಇರಲಿಲ್ಲ. ಅವಳು ನೂಲನ್ನು ನೋಡುತ್ತಲೂ ಇರಲಿಲ್ಲ. ಕಣ್ಣು ಬೀದಿಯ ಮೇಲೆ, ಬಾಯಿ ಬೀದಿಯವರ ಮೇಲೆ, ಬಲಗೈ ರಾಟೆಯ ಮೇಲೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನಿಂದ ಎಳೆ ತನ್ನ ಪಾಡಿಗೆ ತಾನು ಬರುತ್ತಿತ್ತು. ವಯಸ್ಸಾಯಿತು, ಕನ್ನಡಕ ಮಾಡಿಸಿಕೋ ಎಂದರೆ, "ನೂಲೋಕೆ ಕಣ್ಣು ಯಾಕೆ? ಕಣ್ಣು ಇರೋದು ಬೇರೆಯವರ ತಪ್ಪು ನೋಡೋಕೆ, ಅದಕ್ಕೆ ಇಷ್ಟು ಸಾಕು" ಎನ್ನುತ್ತಿದ್ದಳು.

ಮನುಷ್ಯರನ್ನೂ ಅವಳು ಅಳೆಯುತ್ತಿದ್ದದ್ದು ನೂಲಿನ ಲೆಕ್ಕದಲ್ಲೇ. ಎದುರು ಮನೆಯಲ್ಲಿ ಮದುವೆಯಾದಾಗ ಮದುಮಗನನ್ನು ನೋಡಿ, "ಹುಡುಗ ಬೆಳ್ಳಗಿದಾನೆ, ಹುರಿ ಸಾಲದು" ಎಂದಿದ್ದಳು. ವರ್ಷ ತುಂಬುವುದರೊಳಗೆ ಅವನು ತಾಯಿ ಎಳೆದ ಕಡೆ ಅರ್ಧ, ಹೆಂಡತಿ ಎಳೆದ ಕಡೆ ಅರ್ಧ ಬಿಚ್ಚಿಕೊಂಡು, ಸಂಜೆ ಹೊತ್ತು ಸೈಕಲ್ ಅಂಗಡಿಯ ಮುಂದೆ ಸುಮ್ಮನೆ ನಿಂತಿರುತ್ತಿದ್ದ. ಅದನ್ನು ಕಂಡಾಗಲೆಲ್ಲ ದೊಡ್ಡಮ್ಮನಿಗೆ ಆಗುತ್ತಿದ್ದ ತೃಪ್ತಿ ಅಷ್ಟಿಷ್ಟಲ್ಲ.

ನೂಲಲು ಕಲಿಸಿದವಳು ಅಜ್ಜಿ. ಆ ಅಜ್ಜಿ ಮೊಮ್ಮಕ್ಕಳನ್ನು ಮುದ್ದು ಮಾಡುವ ಪೈಕಿ ಅಲ್ಲ. ಗಂಟು ಬಂದ ನೂಲನ್ನು ನೂತವಳ ಎದುರಿಗೇ ಒಲೆಗೆ ಹಾಕುವವಳು. ಇಬ್ಬರು ಮೊಮ್ಮಕ್ಕಳಲ್ಲಿ ಕಿರಿಯವಳು ಎರಡು ದಿನ ಅತ್ತು, ಮೂರನೆಯ ದಿನ ರಾಟೆಯ ಸಹವಾಸವೇ ಬೇಡವೆಂದು ಕಾಲಿಗೆ ಬುದ್ಧಿ ಹೇಳಿದಳು. ಹಿರಿಯವಳು ಅಳಲಿಲ್ಲ, ಓಡಲಿಲ್ಲ. ಒಲೆಗೆ ಹಾಕಲು ಅಜ್ಜಿಗೆ ಏನೂ ಸಿಗದಂತೆ ಮಾಡಿದಳು. ಹಟವೆಂದರೆ ಅದು.

ಆಮೇಲೆ ಮದುವೆಯಾಯಿತು. ಗಂಡ ನೂಲಿನ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದವನು. ಮನೆಗೆ ಬಂದರೂ ಬಾಯಲ್ಲಿ ಯಂತ್ರದ್ದೇ ಮಾತು: ಹೇಗೆ ಓಡುತ್ತದೆ, ಎಷ್ಟು ಸಣ್ಣಗೆ ತೆಗೆಯುತ್ತದೆ, ಹೇಗೆ ಒಂದೇ ಸಮ ಬರುತ್ತದೆ. ಗಂಡನ ಆಫೀಸಿನ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಡತಿಯರಿದ್ದಾರೆ. ಗಂಡನ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಇವಳೊಬ್ಬಳೇ ಇರಬೇಕು. ಅಂಗಡಿಯಿಂದ ಕೊಂಡ ಮಿಲ್ಲಿನ ನೂಲಿನ ಉಂಡೆಯೊಂದನ್ನು ಎದುರಿಗಿಟ್ಟುಕೊಂಡು ಅದಕ್ಕೆ ಸವಾಲು ಹಾಕಿ ನೂತಳು. ಸೊಪ್ಪು ಒಣಗಿತು, ಸಾರು ಸೀದಿತು, ಗಂಡ ಹಸಿದ, ಇವಳು ನೂತಳು. ಕೊನೆಗೆ ಒಂದು ಸಂಜೆ ಅವನು ಮೇಜಿನ ಮೇಲಿದ್ದ ಲಡಿಯನ್ನು ಕಂಡು ಬೆವತುಹೋದ. "ಮಿಲ್ಲಿನ ಮಾಲು ಮನೆಗೆ ಯಾರೇ ತಂದಿದ್ದು? ಕದ್ದೆ ಅಂತ ನನ್ನ ಕೆಲಸ ಕಿತ್ಕೋತಾರೆ!" ಎಂದು ಕೂಗಾಡಿದ.

"ತಂದಿದ್ದಲ್ಲ ರೀ, ನೂತಿದ್ದು" ಎಂದಳು ಅವಳು, ಮೆಲ್ಲಗೆ.

ಅವಳ ದಾಂಪತ್ಯದ ಅತ್ಯಂತ ಸುಖದ ದಿನ ಅದು. ಗಂಡ ಆಮೇಲೆ ಇನ್ನೂ ಎಷ್ಟೋ ವರ್ಷ ಬದುಕಿದ್ದ, ಪಾಪ, ಒಳ್ಳೆಯವನೇ. ಆದರೆ ಆ ದಿನದ ಮಟ್ಟಕ್ಕೆ ಮತ್ತೆ ಏರಲಿಲ್ಲ.

ಅವನು ಹೋದ ಮೇಲೆ ಅವಳು ರಾಟೆಯನ್ನು ಕಂಕುಳಲ್ಲಿಟ್ಟುಕೊಂಡು ತಂಗಿಯ ಮನೆಗೆ ಬಂದಳು. ತಂಗಿ, ಅಂದರೆ ಹಿಂದೆ ಅಜ್ಜಿಯ ಕೈಯಿಂದ ಓಡಿದವಳು, ಮಗ್ಗದವನನ್ನು ಕಟ್ಟಿಕೊಂಡು ಬೀದಿಗೆ ಮುಖ ಮಾಡಿದ ಮೂರು ಕೋಣೆಯ ಮನೆಯಲ್ಲಿ ಇದ್ದಳು. ಅಕ್ಕನ ನೂಲು, ಗಂಡನ ಮಗ್ಗ, ತನ್ನ ಬಾಯಿ, ಈ ಮೂರನ್ನೂ ಸೇರಿಸಿ ಅಂಗಡಿ ತೆರೆದಳು. ಬಾಗಿಲ ಮೇಲೆ 'ಕೈನೂಲು, ಕೈಮಗ್ಗ' ಎಂದು ಹಲಗೆ ಬಿತ್ತು. ಮುಂದಿನ ಕೋಣೆಯಲ್ಲಿ ಗೋಡೆಗೆ ಕಪಾಟು, ಕಪಾಟಿನಲ್ಲಿ ಶಾಲು, ಹೊದಿಕೆ, ಮೇಜಿನ ಬಟ್ಟೆ. ನಡುವಿನ ಕೋಣೆ ತುಂಬ ಮಗ್ಗ. ಅದನ್ನು ದಾಟಿ ಅಡುಗೆಗೆ ಹೋಗಬೇಕಾದರೆ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಗೋಡೆಗೆ ಅಂಟಿ ಹೋಗಬೇಕು. ಹಿಂದಿನ ಕೋಣೆಯಲ್ಲಿ ಹತ್ತಿಯ ಮೂಟೆ, ಬಣ್ಣದ ಹಂಡೆ, ಮುರಿದ ಸಾಮಾನು, ಇಲಿ.

ಮುಂದಿನ ಕೋಣೆಯ ಕಿಟಕಿಯ ಪಕ್ಕದ ಜಾಗ ದೊಡ್ಡಮ್ಮನದು. ಬೀದಿಯಲ್ಲಿ ಹೋಗುವವರಿಗೆ ಅವಳು ಕಾಣುತ್ತಿದ್ದಳು, ಅವಳಿಗೆ ಬೀದಿಯವರ ಗುಣ, ನಡತೆ, ಚಪ್ಪಲಿ ಎಲ್ಲ ಕಾಣುತ್ತಿತ್ತು. ಅಂಗಡಿಗೆ ಬಂದವರಿಗೆ ತಂಗಿ ಮೊದಲು ತೋರಿಸುತ್ತಿದ್ದದ್ದು ಬಟ್ಟೆಯನ್ನಲ್ಲ, ಅಕ್ಕನನ್ನು. "ನಮ್ಮಕ್ಕ. ಒಂದೆಳೆ ಅಂತಾರೆ. ಬೇಕಾದ್ರೆ ಗಂಟು ಹುಡುಕಿ, ಸಿಕ್ಕಿದ್ರೆ ಬಟ್ಟೆ ಪುಕ್ಕಟೆ." ಜನ ಹುಡುಕುತ್ತಿದ್ದರು. ಸಿಗದೆ ಕೊಳ್ಳುತ್ತಿದ್ದರು. ದೊಡ್ಡಮ್ಮ ಮುಖ ಬೀದಿಯ ಕಡೆಗಿಟ್ಟು, ಕಿವಿಯನ್ನು ಒಳಗೆ ಬಿಟ್ಟು ಕೂತಿರುತ್ತಿದ್ದಳು.

ತಂಗಿಯ ಗಂಡನ ವಿಷಯ ಹೇಳುವುದೇನೂ ಹೆಚ್ಚಿಲ್ಲ. ಅವನೇ ಏನೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಮಗ್ಗಕ್ಕೆ ಇಳಿದರೆ ಲಾಳಿಯ ಸದ್ದೇ ಅವನ ಸದ್ದು. ಮನೆಯಲ್ಲಿ ಇಬ್ಬರು ಹೆಂಗಸರು ಮಾತಾಡುವವರಿರುವಾಗ ಮೂರನೆಯವರಿಗೆ ಮಾತು ಉಳಿಯುವುದಾದರೂ ಎಲ್ಲಿ?

ಹೀಗಿರುವಾಗ ಜಗತ್ತಿಗೆ ಹುಚ್ಚು ಹಿಡಿಯಿತು. ದೊಡ್ಡಮ್ಮನ ಪ್ರಕಾರ ಹುಚ್ಚು ಹಿಡಿದದ್ದು ಜಗತ್ತಿಗೇ. ಅದು ಮನೆಗೆ ಬಂದದ್ದು ಪರದೆ ಮೇಡಂ ರೂಪದಲ್ಲಿ.

ಮೇಡಮ್ಮಿಗೆ ದೊಡ್ಡ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ. ಕೊರಳಲ್ಲಿ ಮರದ ಮಣಿ, ಕೈಯಲ್ಲಿ ಮರದ ಬಳೆ, ಕಾಲಲ್ಲಿ ಮರದ ಅಟ್ಟೆ. ಇನ್ನೊಂದು ಸ್ವಲ್ಪ ಬಿಟ್ಟಿದ್ದರೆ ಚಿಗುರುತ್ತಿದ್ದಳು. ಕಪಾಟಿನಿಂದ ದೊಡ್ಡಮ್ಮನ ನೂಲಿನ ಬಟ್ಟೆ ತೆಗೆದು ಬೆಳಕಿಗೆ ಹಿಡಿದಳು, ಉಜ್ಜಿದಳು, ಮೂಸಿದಳು. ಆಮೇಲೆ ಮುಖ ಸಿಂಡರಿಸಿ, "ಇದು ಮಿಲ್ ನೂಲು ಅಲ್ವಾ?" ಎಂದಳು.

ಕಿಟಕಿಯ ಪಕ್ಕದಲ್ಲಿ ದೊಡ್ಡಮ್ಮನ ಮುಖ ಅರಳಿತು. ಗಂಡ ಹೋದ ಮೇಲೆ ಇಷ್ಟು ಚೆಂದದ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ.

"ಅಲ್ಲ ಮೇಡಂ, ನಮ್ಮಕ್ಕ ನೂತಿದ್ದು. ಅಲ್ಲೇ ಕೂತಿದಾಳೆ ನೋಡಿ."

"ನನಗೆ ಕಥೆ ಹೇಳ್ಬೇಡಿ. ಕೈನೂಲು ಅಂದ್ರೆ ಕೈ ಕಾಣ್ಬೇಕು. ಇದರಲ್ಲಿ ಕೈ ಎಲ್ಲಿದೆ?"

"ಎರಡು ಕೈ ಇಲ್ಲೇ ಇದೆ, ಬಂದು ಎಣಿಸ್ಕೊಳ್ಳಿ" ಎಂದಳು ದೊಡ್ಡಮ್ಮ ಕಿಟಕಿಯಿಂದ.

ಮೇಡಮ್ಮಿಗೆ ಅದು ಕೇಳಿಸಲಿಲ್ಲ. ಅವಳ ಕಣ್ಣು ಬಾಗಿಲ ಹತ್ತಿರ ಬಿದ್ದಿದ್ದ ಒಂದು ತುಂಡಿನ ಮೇಲೆ ನಿಂತುಬಿಟ್ಟಿತ್ತು. ಅದು ದರ್ಜಿ ಸೊಸೆ ನೂತ ನೂಲಿನದು. ಪಕ್ಕದ ಸಂದಿಯ ದರ್ಜಿಯ ಸೊಸೆ ಮನೆಯಲ್ಲಿ ಅತ್ತೆಯ ಮುಖ ನೋಡಲಾರದೆ ನೂಲಲು ಕಲಿಯುತ್ತೇನೆಂದು ಬಂದು ಸೇರಿಕೊಂಡಿದ್ದಳು. ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು ನೂಲುತ್ತಿದ್ದಳು. ಅವಳ ಎಳೆ ಇಲಿಯ ಸಂಸಾರವನ್ನೇ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿರುತ್ತಿತ್ತು. ದಂಡವಾಗಬಾರದೆಂದು ಮಗ್ಗದವನು ಅದನ್ನು ನೆಲ ಒರೆಸಲು ನೇಯ್ದು ಕೊಟ್ಟಿದ್ದ. ಮೇಡಂ ಆ ನೆಲದ ಬಟ್ಟೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಇದು ನೋಡಿ! ಇದು ಉಸಿರಾಡುತ್ತೆ!"

"ಅದು ನಿನ್ನೆ ಚೆಲ್ಲಿದ ಚಹಾ ಒರೆಸಿದ್ದು" ಎಂದಳು ದೊಡ್ಡಮ್ಮ.

ಅದೂ ಕೇಳಿಸಲಿಲ್ಲ. ಮೇಡಂ ಆ ನೂಲಿನ ಬಟ್ಟೆಗೆ ಆರ್ಡರ್ ಕೊಟ್ಟು ಹೋದಳು, ಅದೂ ಒಂದೆಳೆ ಬಟ್ಟೆಯ ದರಕ್ಕಿಂತ ಹೆಚ್ಚಿನ ದರಕ್ಕೆ. ಅವಳ ಹಿಂದೆ ಅವಳಂಥವರೇ ಇನ್ನಷ್ಟು ಜನ ಬಂದರು. ಎಲ್ಲರೂ ಗಂಟು ಹುಡುಕುವವರೇ. ಮೊದಲು ಗಂಟು ಸಿಕ್ಕಿದರೆ ಬಟ್ಟೆ ಪುಕ್ಕಟೆ ಎನ್ನುತ್ತಿದ್ದ ತಂಗಿ ಈಗ ಗಂಟಿನ ಮೇಲೆ ಬೆರಳಿಟ್ಟು, "ನೋಡಿ, ಇಲ್ಲೊಂದು, ಇಲ್ಲೊಂದು" ಎಂದು ತೋರಿಸತೊಡಗಿದಳು. ಬಾಯಿ ಅದೇ, ಮಾತು ತಿರುವುಮುರುವು. ವ್ಯಾಪಾರಸ್ಥರಿಗೆ ನಾಲಗೆಯಲ್ಲಿ ಮೂಳೆ ಇರಬಾರದು ಎಂಬುದಕ್ಕೆ ಅವಳೇ ಸಾಕ್ಷಿ.

ಒಂದು ಮಧ್ಯಾಹ್ನ ಅವಳು ಅಕ್ಕನ ಪಕ್ಕ ಬಂದು ಕೂತಳು.

"ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಬೇಜಾರಾಗೋ ಮಾತನ್ನೇ ಹಾಗೆ ಶುರು ಮಾಡೋದು. ಹೇಳು."

"ಸ್ವಲ್ಪ... ಕೆಟ್ಟದಾಗಿ ನೂಲೋಕಾಗುತ್ತಾ?"

ರಾಟೆ ನಿಂತಿತು. ಅದು ಹಾಗೆ ಹಗಲು ಹೊತ್ತಿನಲ್ಲಿ ನಿಂತದ್ದು ಅಪರೂಪ.

"ಆಗುತ್ತೆ. ನಿನ್ನ ಗಂಡನಿಗೂ ಹೇಳು, ಸ್ವಲ್ಪ ಸೊಟ್ಟಗೆ ನೇಯಲಿ. ನೀನು ಸ್ವಲ್ಪ ತೊದಲು ಮಾತಾಡು. ಗಿರಾಕಿಗೆ ಕಾಲು ಮುರಿದ ಕುರ್ಚಿ ಹಾಕು, ಬಿದ್ದು ಎದ್ದು ಕೈಕೆಲಸ ಅಂತ ಕುಣಿಯಲಿ."

"ತಮಾಷೆ ಅಲ್ಲ ಅಕ್ಕ. ನಿನ್ನ ನೂಲಿನ ಬಟ್ಟೆ ಕಪಾಟಲ್ಲೇ ಕೂತಿದೆ. ಅವರು ನಮ್ಮನ್ನ ಮೋಸಗಾರರು ಅಂತಾರೆ. ಆ ಕಿಟಕಿ ಹತ್ರ ಗಂಟು ನೂಲು ನೂಲೋರು ಕೂತಿದ್ರೆ ಜನ ನಂಬ್ತಾರೆ. ಇಲ್ದಿದ್ರೆ..."

"ಇಲ್ದಿದ್ರೆ?"

ತಂಗಿ ಹಿಂದಿನ ಕೋಣೆಯ ಕಡೆ ನೋಡಿದಳು ಅಷ್ಟೆ. ದೊಡ್ಡಮ್ಮನಿಗೆ ಅರ್ಥವಾಯಿತು. ಜಾಗ ಬೇಕಿದ್ದರೆ ಹೆಸರು ಬಿಡಬೇಕು, ಹೆಸರು ಬೇಕಿದ್ದರೆ ಜಾಗ ಬಿಡಬೇಕು. ಎರಡೂ ತನ್ನ ಹತ್ತಿರವೇ ಇರಬೇಕು ಎಂಬ ಆಸೆ ಅವಳಿಗೆ.

ಹಾಗಾಗಿ ಅವಳು ಪ್ರಯತ್ನ ಪಟ್ಟಳು. ಮನಸ್ಸಿಲ್ಲದ ಮನಸ್ಸಿನಿಂದ, ಹಲ್ಲು ಕಚ್ಚಿ, ಗಂಟು ಹಾಕಿ ನೂತಳು. ಕೈ ಚಾಚಿ ಎಳೆ ತೆಗೆದಳು, ಒಂದು ಗಂಟು ಬಿಟ್ಟಳು. ಮತ್ತೆ ಚಾಚಿದಳು, ಮತ್ತೊಂದು ಬಿಟ್ಟಳು. ನೂತು ಮುಗಿಸಿ ಲಡಿಯನ್ನು ತಂಗಿಯ ಮುಂದೆ ಎಸೆದು, "ತಗೋ, ನಿನ್ನ ಕಸ" ಎಂದಳು. ಮಗ್ಗದವನು ನೇಯ್ದ. ಬಟ್ಟೆ ಮಗ್ಗದಿಂದ ಇಳಿದಾಗ ಮೂವರೂ ಅದರ ಮೇಲೆ ಬಗ್ಗಿದರು. ಅವಳ ಗಂಟುಗಳು ಎಲ್ಲ ಒಂದೇ ಗಾತ್ರ, ಬಟಾಣಿ ಆರಿಸಿಟ್ಟ ಹಾಗೆ. ಒಂದರಿಂದ ಇನ್ನೊಂದಕ್ಕೆ ಒಂದೇ ದೂರ. ಕೈ ಚಾಚಿದ್ದೇ ಒಂದೇ ಅಳತೆಗೆ ಆದರೆ ಗಂಟು ಬೇರೆ ಕಡೆ ಬೀಳುವುದು ಹೇಗೆ? ಬಟ್ಟೆಯ ಮೇಲೆ ಅವು ಸಾಲುಗಟ್ಟಿ, ಓರೆಯಾಗಿ, ಅಲೆ ಅಲೆಯಾಗಿ ಈ ಅಂಚಿನಿಂದ ಆ ಅಂಚಿಗೆ ಕವಾಯತು ಮಾಡುತ್ತ ಹೋಗಿದ್ದವು.

ಪರದೆ ಮೇಡಂ ಅದನ್ನು ನೋಡಿ ನಕ್ಕಳು. "ಇದು ಕಂಪ್ಯೂಟರ್ ಡಿಸೈನ್. ನನಗೆ ಇಷ್ಟೂ ಗೊತ್ತಾಗಲ್ವಾ?"

ತಂಗಿ ತಲೆ ಮೇಲೆ ಕೈ ಹೊತ್ತು ಕೂತಳು. ದೊಡ್ಡಮ್ಮ ಮುಖ ಬಾಡಿಸಿಕೊಂಡಿದ್ದಳು ನಿಜ, ಆದರೆ ಒಳಗೊಳಗೆ ಹಿಗ್ಗಿದ್ದಳು. ಮೊದಲು ಮಿಲ್ಲನ್ನು ಗೆದ್ದಾಗಿತ್ತು, ಈಗ ಕಂಪ್ಯೂಟರ್!

ಕೊನೆಗೆ ದರ್ಜಿ ಸೊಸೆಯನ್ನೇ ಅವಳಿಗೆ ಗುರುವಾಗಿ ಕೂರಿಸಲಾಯಿತು. ಎಂಥ ಕಾಲ ಬಂತು ನೋಡಿ: ಅಡಿಗೆ ಸೀಯಿಸಿದವಳು ಅಡಿಗೆಯವಳಿಗೆ ಪಾಠ ಹೇಳುವುದು! ಆ ಹುಡುಗಿಯೇನೂ ಕೆಟ್ಟವಳಲ್ಲ, ತನ್ನ ವಿದ್ಯೆಯನ್ನು ಮುಚ್ಚಿಡದೆ ಹೇಳಿಕೊಟ್ಟಳು.

"ಮನಸ್ಸು ಬೇರೆ ಕಡೆ ಇಡ್ಬೇಕು ದೊಡ್ಡಮ್ಮ. ಬೆಳಿಗ್ಗೆ ನಮ್ಮತ್ತೆ ಅಂದಿದ್ದು ನೆನಪಾದ್ರೆ ಸಾಕು, ಒಂದು ಗಂಟು ಬಂದುಬಿಡುತ್ತೆ. ನಾದಿನಿ ನೆನಪಾದ್ರೆ ಜೋಡಿ. ನೀವೂ ನಿಮ್ಮತ್ತೇನ ನೆನೆಸ್ಕೊಳ್ಳಿ."

ದೊಡ್ಡಮ್ಮ ಅತ್ತೆಯನ್ನು ನೆನೆಸಿಕೊಂಡಳು. ಅತ್ತೆ ತೀರಿಕೊಂಡು ಯಾವ ಕಾಲವಾಯಿತೋ. ಇದ್ದಾಗಲೂ ಗಟ್ಟಿಯಾಗಿ ಮಾತಾಡಿದವಳಲ್ಲ. ಎಳೆ ನೆಟ್ಟಗೆ ಬಂತು. ಗಂಡನನ್ನು ನೆನೆಸಿಕೊಂಡಳು. ಅವನ ಹಿಂದೆಯೇ ಅವನ ಯಂತ್ರ ನೆನಪಾಗಿ ಎಳೆ ಇನ್ನೂ ನೆಟ್ಟಗಾಯಿತು. ತಂಗಿಯನ್ನು ನೆನೆಸಿಕೊಂಡಾಗ ಸಿಟ್ಟು ಬಂದು ಎಳೆ ಪಟ್ಟನೆ ಹರಿಯಿತು, ಗಂಟು ಮಾತ್ರ ಬರಲಿಲ್ಲ.

"ಇವರ ಕೈಗೆ ಬುದ್ಧಿ ಬರಲ್ಲ ಬಿಡಿ ಅಕ್ಕ" ಎಂದು ದರ್ಜಿ ಸೊಸೆ ತಂಗಿಯ ಮುಂದೆ ಕೈಚೆಲ್ಲಿದಳು.

ಮರುದಿನ ತಂಗಿ ರಾಟೆಯನ್ನು ಎತ್ತಿ ಹಿಂದಿನ ಕೋಣೆಗೆ ಒಯ್ದಳು. "ಅವಳಿಗೆ ಬೆಳಕು ಬೇಕು ಅಕ್ಕ, ಇನ್ನೂ ಕಲಿಯೋಳು. ನಿನಗೆ ಕತ್ತಲಾದ್ರೂ ನಡೆಯುತ್ತೆ ಅಂತ ನೀನೇ ಹೇಳ್ತಿದ್ದೆ." ತನ್ನ ಮಾತೇ ತನ್ನ ಕುತ್ತಿಗೆಗೆ ಬಂದಾಗ ದೊಡ್ಡಮ್ಮ ಎದ್ದು ರಾಟೆಯ ಹಿಂದೆಯೇ ನಡೆದಳು. ಕಿಟಕಿಯ ಪಕ್ಕ ದರ್ಜಿ ಸೊಸೆ ಕೂತಳು. ಹೋಗುವ ಬರುವ ಜನ ನಿಂತು ಅವಳ ಫೋಟೋ ತೆಗೆದುಕೊಂಡರು. ಅವಳು ಫೋನಿನಲ್ಲಿ ಮಾತಾಡುತ್ತಲೇ ಅವರತ್ತ ನಕ್ಕಳು.

ಹಿಂದಿನ ಕೋಣೆಯಲ್ಲಿ ದೊಡ್ಡಮ್ಮನ ಪಾಲಿಗೆ ಬಂದದ್ದು ಕಂಡಿಕೆ ಸುತ್ತುವ ಕೆಲಸ. ಲಾಳಿಯೊಳಗೆ ಕೂರಿಸಲು ನೂಲನ್ನು ಪುಟ್ಟ ಕಡ್ಡಿಗೆ ಸುತ್ತಿ ಕೊಡುವುದು. ಮಗ್ಗದ ಮನೆಗಳಲ್ಲಿ ಇದನ್ನು ಕೆಲಸ ಬಾರದವರಿಗೆ ಕೊಡುತ್ತಾರೆ. ಸುತ್ತಬೇಕಾದದ್ದೂ ದರ್ಜಿ ಸೊಸೆಯ ನೂಲನ್ನೇ. ಬೇಸಿಗೆ ಹೋಯಿತು, ಚಳಿಗಾಲ ಬಂತು. ಅವಳಿಗೆ ಅವಮಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಬೇಸರವಾಗಿತ್ತು. ಬೀದಿ ಕಾಣದೆ, ಬೀದಿಗೆ ತಾನು ಕಾಣದೆ, ಹತ್ತಿಯ ಮೂಟೆಗಳ ಜೊತೆ ಎಷ್ಟು ಹೊತ್ತು ಮಾತಾಡುವುದು? ಊಟಕ್ಕೆ ಕರೆದರೆ ಮಾತ್ರ ಬರುತ್ತಿದ್ದಳು. ಬಂದು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದಳು, ಇರಲಿ ಬಿಡಲಿ.

ಅಷ್ಟರಲ್ಲಿ ಪರದೆ ಮೇಡಂ ಓಡೋಡಿ ಬಂದಳು. ಯಾವುದೋ ಹೊಸ ಹೋಟೆಲಿನ ದೊಡ್ಡ ಹಾಲಿಗೆ ಪರದೆಗಳು ಬೇಕು, ಎಲ್ಲ ಗಂಟಿನ ಬಟ್ಟೆಯೇ ಆಗಬೇಕು. ಅಂಗಡಿ ತೆರೆದಾಗಿನಿಂದ ಅಷ್ಟು ದೊಡ್ಡ ಆರ್ಡರ್ ಬಂದಿರಲಿಲ್ಲ. ತಂಗಿ ಒಪ್ಪಿಕೊಂಡಳು. ಒಪ್ಪಿಕೊಂಡ ವಾರದೊಳಗೆ ದರ್ಜಿ ಸೊಸೆ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಫೋನಿನಲ್ಲಿ ಮಾತಾಡುತ್ತ ಓಡಿಸುತ್ತಿದ್ದಳಂತೆ. ಹುಡುಗಿ ನೂಲುವುದೂ ಹಾಗೆಯೇ, ಓಡಿಸುವುದೂ ಹಾಗೆಯೇ.

ತಂಗಿ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು. "ಅಕ್ಕ, ನೀನೇ ಗತಿ. ಹೇಗಾದ್ರೂ ಮಾಡಿ ಕೆಡಿಸ್ಕೊಡು. ಈ ಆರ್ಡರ್ ಹೋದ್ರೆ ಅಂಗಡಿ ಹೆಸರು ಹೋಗುತ್ತೆ."

"ಆಗಲಿ" ಎಂದಳು ದೊಡ್ಡಮ್ಮ.

ಅಷ್ಟು ಸಲೀಸಾಗಿ ಅವಳು ಯಾವತ್ತೂ ಯಾವುದಕ್ಕೂ 'ಆಗಲಿ' ಎಂದವಳಲ್ಲ. ತಂಗಿಗೆ ಅಲ್ಲೇ ಸಂಶಯ ಬರಬೇಕಿತ್ತು. ದೊಡ್ಡಮ್ಮ ಷರತ್ತು ಹಾಕಿದಳು: ತಾನು ನೂಲುವಾಗ ಒಳಗೆ ಯಾರೂ ಬರಕೂಡದು, ಮಾತಾಡಿಸಕೂಡದು, ನೂಲು ಹೇಗಿದೆಯೆಂದು ಒಂದಕ್ಷರ ಎತ್ತಕೂಡದು. ಕಂಡಿಕೆಯನ್ನು ತಂಗಿಯೇ ಸುತ್ತಿಕೊಳ್ಳಬೇಕು. ತಂಗಿ ಎಲ್ಲದಕ್ಕೂ ತಲೆಯಾಡಿಸಿದಳು.

ಬಾಗಿಲು ಹಾಕಿಕೊಂಡ ಮೇಲೆ ದೊಡ್ಡಮ್ಮನ ಹೊಟ್ಟೆಯೊಳಗಿನ ಹಂಚಿಕೆ ಹೊರಗೆ ಬಂತು. ಅವಳು ಒಂದೂ ಗಂಟು ಹಾಕುವವಳಲ್ಲ. ತನ್ನ ಜನ್ಮದಲ್ಲೇ ನೂಲದಂಥ ಸಮದ ಎಳೆ ನೂಲುತ್ತಾಳೆ. ಅಜ್ಜಿ ಎದ್ದು ಬಂದರೂ ಒಲೆಗೆ ಹಾಕಲಾರದಂಥದ್ದು. ಅದನ್ನು ನೇಯ್ದು, ಹೊಲಿದು, ಆ ಮರದ ಮೇಡಮ್ಮಿನ ಮುಂದೆ ಹರಡಬೇಕು. ಅವಳು 'ಮಿಲ್ ನೂಲು' ಎಂದು ಕಿರುಚಿ ಬಿಸಾಡಬೇಕು. ತಂಗಿ ಎಲ್ಲರೆದುರಿಗೆ ಇಂಗು ತಿಂದ ಮಂಗನ ಹಾಗೆ ನಿಲ್ಲಬೇಕು. ಆಗ ಗೊತ್ತಾಗುತ್ತದೆ ಕಿಟಕಿಯಿಂದ ಯಾರನ್ನು ಎಬ್ಬಿಸಿದೆವು ಅಂತ. ತಂಗಿಯ ಅಂಗಡಿ ಮುಳುಗಿದರೆ ತನ್ನ ಊಟವೂ ಮುಳುಗುತ್ತದೆ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಎದುರು ಮನೆಯವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಳ್ಳುವವರಿಗೆ ಮೂಗಿನ ಚಿಂತೆ ಎಲ್ಲಿರುತ್ತದೆ?

ಅವಳು ನೂತಳು. ಬೆಳಿಗ್ಗೆ ಕೂತರೆ ಮಧ್ಯಾಹ್ನ, ಮಧ್ಯಾಹ್ನ ಕೂತರೆ ಸಂಜೆ. ಬಹಳ ದಿನದ ಮೇಲೆ ರಾಟೆಯ ಸದ್ದು ಅವಳಿಗೆ ಹಿತವಾಗಿತ್ತು. ಎಳೆ ಬೆರಳ ನಡುವಿನಿಂದ ಎಣ್ಣೆ ಸವರಿದಂತೆ ಜಾರಿ ಬರುತ್ತಿತ್ತು. ಇಷ್ಟು ನುಣುಪಾದ ಎಳೆ ತನ್ನ ಕೈಯಿಂದ ಹಿಂದೆಂದೂ ಬಂದಿಲ್ಲ ಎನಿಸಿತು. ನಡುನಡುವೆ ಅದು ಕಡಿದುಹೋಗುತ್ತಿತ್ತು, ಅದು ಮಾತ್ರ ಹೊಸದು. ಹಂಜಿ ಸರಿಯಿಲ್ಲ ಎಂದು ಬೈದಳು. ಹತ್ತಿಯನ್ನು ಬತ್ತಿಯಂತೆ ಹೊಸೆದು ಹಂಜಿ ಮಾಡಿ ಕೊಟ್ಟ ತಂಗಿಯನ್ನು ಬೈದಳು. ರಾಟೆಯ ಕದಿರು ಬಾಗಿದೆ ಎಂದು ಕದಿರನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಅವಳು ದರ್ಜಿ ಸೊಸೆಗೆ ದಿನಕ್ಕೊಮ್ಮೆ ಹೇಳುತ್ತಿದ್ದಳು. ತನಗೆ ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಸಂಜೆ ತಂಗಿ ಬಂದು ಲಡಿಗಳನ್ನು ಒಯ್ಯುತ್ತಿದ್ದಳು. ಅವುಗಳ ಮೇಲೆ ಕೈಯಾಡಿಸಿ, ಏನೋ ಹೇಳಲು ಬಾಯಿ ತೆರೆದು, ಮಾತು ಕೊಟ್ಟದ್ದು ನೆನಪಾಗಿ ತುಟಿ ಕಚ್ಚಿಕೊಂಡು ಹೋಗುತ್ತಿದ್ದಳು. ಅಳು ನುಂಗುತ್ತಿದ್ದಾಳೆ, ಅನುಭವಿಸಲಿ, ಎಂದುಕೊಳ್ಳುತ್ತಿದ್ದಳು ದೊಡ್ಡಮ್ಮ. ಅವಳಿಗೆ ಆ ದಿನಗಳಲ್ಲಿ ಊಟ ಸೇರುತ್ತಿತ್ತು, ಉಪ್ಪು ಕಡಿಮೆ ಎಂದು ಒಮ್ಮೆಯೂ ಹೇಳಲಿಲ್ಲ.

ಪರದೆಗಳು ಮುಗಿದವು. ಮೇಡಂ ಬರುವ ದಿನ ದೊಡ್ಡಮ್ಮ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಯಾರೂ ಕರೆಯದೆಯೇ ಮುಂದಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಳು. ತಮಾಷೆ ನೋಡಲು ಮುಂದಿನ ಸಾಲಿನ ಜಾಗವೇ ಆಗಬೇಕಲ್ಲ. ತಂಗಿ, ಅವಳ ಗಂಡ ಇಬ್ಬರೂ ಪರದೆಯನ್ನು ತಂದು ಕಿಟಕಿಗೆ ಅಡ್ಡ ಹಿಡಿದರು. ಹೊರಗಿನ ಬೆಳಕು ಬಟ್ಟೆಯನ್ನು ತೂರಿ ಬಂತು.

ಮೇಡಂ ಹತ್ತಿರ ಹೋದಳು. ಬಟ್ಟೆಯ ಮೇಲೆ ಬೆರಳಾಡಿಸಿದಳು. ಈಗ ಕಿರುಚುತ್ತಾಳೆ, ಎಂದುಕೊಂಡು ದೊಡ್ಡಮ್ಮ ಕುರ್ಚಿಯ ತುದಿಗೆ ಸರಿದಳು.

"ಇದು..." ಎಂದಳು ಮೇಡಂ. "ಇದು ಕೈ. ಇದುವರೆಗೆ ನೀವು ಕೊಟ್ಟಿದ್ದರಲ್ಲೆಲ್ಲ ಗಂಟು ಹಾಕಿದ ಹಾಗಿತ್ತು. ಇದರಲ್ಲಿ ಹಾಕಿದ್ದಲ್ಲ, ತಾನಾಗೇ ಬಂದಿದೆ. ಯಾರು ನೂತಿದ್ದು ಇದನ್ನ?"

ದೊಡ್ಡಮ್ಮನಿಗೆ ಮೊದಲು ಬಂದ ಸಂಶಯ ಬಟ್ಟೆ ಬದಲಾಗಿದೆ ಎಂಬುದು. ಎದ್ದು ಬಂದು ಪರದೆಯ ಮುಂದೆ ನಿಂತಳು. ಬೆಳಕಿಗೆ ಅಡ್ಡವಾಗಿ ಎಳೆಗಳು ಕಂಡವು. ಒಂದೆಡೆ ಕೂದಲಿನಷ್ಟು ಸಣ್ಣ, ಪಕ್ಕದಲ್ಲೇ ಉಬ್ಬು. ಇಲ್ಲಿ ಎರಡು ಗಂಟು ಒತ್ತಾಗಿ, ಅಲ್ಲಿ ಬಹಳ ದೂರ ಏನೂ ಇಲ್ಲ, ಮತ್ತೆ ಒಂದು ಮುದ್ದೆ. ದರ್ಜಿ ಸೊಸೆಯ ನೂಲೂ ಇಷ್ಟು ಕೆಟ್ಟದಾಗಿರಲಿಲ್ಲ.

"ಇದು ಯಾರ ನೂಲು?" ಎಂದು ಮಗ್ಗದವನನ್ನು ಕೇಳಿದಳು.

"ನಿಮ್ದೇ ಅತ್ತಿಗೆ" ಎಂದ ಅವನು.

"ಕೊನೆಗೂ ಕಲಿತುಬಿಟ್ಟೆ ಅಕ್ಕ!" ತಂಗಿಗೆ ಇನ್ನು ತಡೆಯಲಾಗಲಿಲ್ಲ. "ಮೊದಲ ದಿನಾನೇ ಹೇಳೋಣ ಅಂತಿದ್ದೆ. ಹೊಗಳಿದ್ರೆ ನೀನು ರೇಗಿ ಮತ್ತೆ ನೆಟ್ಟಗೆ ನೂಲ್ತೀಯ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ದೊಡ್ಡಮ್ಮ ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬಟ್ಟೆಯ ಮೇಲಿಟ್ಟು ಎಳೆದಳು. ನುಣುಪು, ಗಾಜಿನ ಹಾಗೆ. ಕಣ್ಣಿಗೆ ಕಾಣುತ್ತಿದ್ದ ಗಂಟಿನ ಮೇಲೆಯೇ ಹೆಬ್ಬೆರಳನ್ನು ಒತ್ತಿದಳು. ಅಲ್ಲೂ ನುಣುಪೇ. ರವಿಕೆಯ ತೋಳು ಮೇಲೆ ಸರಿಸಿ ಮೊಣಕೈಯ ಒಳಮೈಯನ್ನು ಅದೇ ಜಾಗಕ್ಕೆ ಒರೆಸಿದಳು. ಅಲ್ಲಿ ಗಂಟುಗಳು ಒಂದೊಂದಾಗಿ ಚರ್ಮಕ್ಕೆ ತಾಗಿದವು. ಮತ್ತೆ ಬೆರಳಿಟ್ಟಳು. ಬೆರಳಿಗೆ ಏನೂ ತಿಳಿಯಲಿಲ್ಲ.

ಯಾವಾಗ ಸತ್ತವೋ ಆ ಎರಡು ಬೆರಳು. ಚಳಿಗಾಲದಲ್ಲೋ, ಅದಕ್ಕೂ ಮೊದಲೋ. ಅವಳಿಗೆ ಹೇಳದೆ ಹೋಗಿದ್ದವು. ಅವಳಿಗೆ ಭಯವಾಯಿತು. ಅಜ್ಜಿಯ ಎದುರು ಬಾರದ ಅಳನ್ನು ಈಗ ತಡೆಯಬೇಕಾಯಿತು. ಬೇಕೆಂದು ಕೆಡಿಸಲು ಹೋದಾಗ ಕೈ ಕೇಳಲಿಲ್ಲ; ಬೇಕೆಂದು ಚೆನ್ನಾಗಿ ನೂಲಲು ಹೋದಾಗ ಕೈಯೇ ಇರಲಿಲ್ಲ.

ಮಗ್ಗದವನು ಅವಳ ಮೊಣಕೈಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿದ್ದ ಸಂತೋಷ ಇಳಿದುಹೋಯಿತು. ಪರದೆಯ ತುದಿಯನ್ನು ಹಿಡಿದವನು ಹಿಡಿದಂತೆಯೇ ತಲೆ ತಗ್ಗಿಸಿದ. ತಂಗಿ ಮಾತ್ರ ಇನ್ನೂ ನಗುತ್ತಿದ್ದಳು.

"ನಾನು ಒಂದೂ ಗಂಟು ಹಾಕಿಲ್ಲ" ಎಂದಳು ದೊಡ್ಡಮ್ಮ.

"ಅದೇ!" ಎಂದು ಮೇಡಂ ಎರಡು ಕೈಯನ್ನೂ ಜೋಡಿಸಿದಳು. "ಅದೇ ಇದರ ಚೆಂದ. ಅಮ್ಮ, ನೀವು ಆ ಕಿಟಕಿ ಹತ್ರ ಕೂತು ನೂಲ್ಬೇಕು, ನಾನು ಜನರನ್ನ ಕರ್ಕೊಂಡು ಬರ್ತೀನಿ. ಮುಂದಿನ ಸಲ ಇನ್ನೂ ದೊಡ್ಡ ಆರ್ಡರ್ ಇದೆ. ಆದ್ರೆ ಇದೇ ಥರ ಬರ್ಬೇಕು, ಆ ಕಪಾಟಿನ ಬಟ್ಟೆ ಹಾಗೆ ನೆಟ್ಟಗೆ ಬಂದ್ರೆ ನನಗೆ ಬೇಡ. ಬರುತ್ತೆ ತಾನೇ?"

ತಂಗಿ ಅಕ್ಕನ ಮುಖ ನೋಡಿದಳು. ದೊಡ್ಡಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಕಿಟಕಿಯ ಪಕ್ಕದ ತನ್ನ ಜಾಗಕ್ಕೆ ಹೋಗಿ ಕೂತಳು.

"ಹೆದರ್ಬೇಡಿ" ಎಂದಳು. "ಇನ್ನು ಮೇಲೆ ದಿನದಿಂದ ದಿನಕ್ಕೆ ಇನ್ನೂ ಚೆನ್ನಾಗಿ ಬರುತ್ತೆ."